ಪದಚರ್ಚೆ: ಚಿ ಜಿಗ್ವಾಂಗನ ‘ಯುವಾನ್‌ಯಾಂಗ್ ಝೆನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಚೀನಾದ ಮಿಂಗ್ ಸಾಮ್ರಾಜ್ಯದ ಸೇನಾಪತಿ ಚಿ ಜಿಗ್ವಾಂಗ್ (1528-1588) ಬಗ್ಗೆ ಬರೀತಾ ಇದೀನಿ, ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ಈತ ಕಟ್ಟಿದ 12 ಜನರ ತಂಡದ ಹೆಸರು ‘ಯುವಾನ್‌ಯಾಂಗ್ ಝೆನ್’. ಯುವಾನ್‌ಯಾಂಗ್ ಅಂದ್ರೆ ಗಂಡು ಹೆಣ್ಣು ಸದಾ ಜೊತೇಲೇ ಇರತ್ತೆ ಅಂತ ಅಲ್ಲಿನೋರು ನಂಬೋ ಬಣ್ಣದ ಬಾತು, ಝೆನ್ ಅಂದ್ರೆ ಯುದ್ಧದಲ್ಲಿ ಸೈನಿಕರು ಜಾಗ ಹಿಡಿದು ನಿಲ್ಲೋ ಕ್ರಮ.

‘ಜಕ್ಕವಕ್ಕಿ ವ್ಯೂಹ’ ಅಂತ ಬರೀಬಹುದಾ? ಕಿವಿಗೇನೋ ಇಂಪಾಗಿದೆ, ಆದ್ರೆ ನಮ್ಮ ಕಾವ್ಯದ ಜಕ್ಕವಕ್ಕಿ ರಾತ್ರಿಯಾದ್ರೆ ಜೊತೆ ಅಗಲಿ ಗೋಳಾಡೋ ಹಕ್ಕಿ, ಇಲ್ಲಿ ಅಗಲಬಾರದು ಅನ್ನೋದೇ ಮುಖ್ಯ. ವ್ಯೂಹ ಅಂದ ತಕ್ಷಣ ಚಕ್ರವ್ಯೂಹ, ಅಕ್ಷೌಹಿಣಿ ಲೆಕ್ಕದ ಸೈನ್ಯ ಕಣ್ಮುಂದೆ ಬರತ್ತೆ, ಅದೂ ಸರಿಹೋಗಲ್ಲ.

ಯಾಕಂದ್ರೆ ಈತನ ಸುಧಾರಣೆಯ ಜೀವಾಳವೇ ಸಣ್ಣ ತಂಡ. ತಲತಲಾಂತರದಿಂದ ಬಂದ ಸಿಪಾಯಿ ಮನೆತನಗಳ ಹಳೇ ಸೈನ್ಯ ಹಾಳುಬಿದ್ದಿತ್ತು, ಕರಾವಳೀಲಿ ಕಡಲ್ಗಳ್ಳರು ಉದ್ದ ಜಪಾನೀ ಕತ್ತಿ ಬೀಸ್ಕೊಂಡು ಬಂದ್ರೆ ಎದುರು ನಿಲ್ಲೋರೇ ಕಮ್ಮಿ. 1559ರಲ್ಲಿ ಚಿ ಯಿವೂ ಸೀಮೆಯ ರೈತ್ರನ್ನ, ಗಣಿ ಕೆಲಸದೋರನ್ನ ಹೊಸದಾಗಿ ಸೇರಿಸ್ಕೊಂಡ, ಪೇಟೆಯ ನಾಜೂಕಿನೋರು ಬೇಡ ಅಂದ. ತಂಡಕ್ಕೊಬ್ಬ ನಾಯಕ, ಮುಂದೆ ಇಬ್ಬರು ಗುರಾಣಿಯೋರು, ಅವರ ಬೆನ್ನಿಗೆ ರೆಂಬೆಗಳನ್ನ ಸವರದೆ ಹಾಗೇ ಬಿಟ್ಟು ತುದಿಗೆ ಕಬ್ಬಿಣದ ಮೊನೆ ಹಾಕಿದ ಉದ್ದ ಬಿದಿರು ಹಿಡಿದ ಇಬ್ಬರು, ಆಮೇಲೆ ನಾಲ್ಕು ಈಟಿ, ಇಬ್ಬರು ತ್ರಿಶೂಲದೋರು, ಕೊನೇಲಿ ಒಬ್ಬ ಅಡುಗೆಯೋನು. ಆ ಬಿದಿರಿನ ರೆಂಬೆಗಳಲ್ಲಿ ಶತ್ರುವಿನ ಕತ್ತಿ ಸಿಕ್ಕಿಹಾಕ್ಕೊಂಡಾಗ ಹಿಂದಿನ ಈಟಿಯೋನು ತಿವೀಬೇಕು! ಒಬ್ಬನೇ ಎಷ್ಟು ಶೂರ ಅನ್ನೋದಕ್ಕಿಂತ ಪಕ್ಕದೋನನ್ನ ಹೇಗೆ ಕಾಯ್ತಾನೆ ಅನ್ನೋದರ ಮೇಲೆ ಎಲ್ಲಾ ನಿಂತಿತ್ತು, ನಾಯಕನ್ನ ಬಿಟ್ಟು ಓಡಿದ್ರೆ ಮರಣದಂಡನೆ. 1561ರಲ್ಲಿ ತೈಝೌನಲ್ಲಿ ಕಡಲ್ಗಳ್ಳರನ್ನ ಮೇಲಿಂದ ಮೇಲೆ ಸೋಲಿಸಿದ್ದು ಇದೇ ಪದ್ಧತೀಲಿ.

ನನಗೆ ಸದ್ಯಕ್ಕೆ ‘ಜೋಡಿಹಕ್ಕಿ ತಂಡ’ ಇಷ್ಟ ಆಗಿದೆ. ‘ತುಕಡಿ’ ಅಂದ್ರೆ ಇವತ್ತಿನ ಪೊಲೀಸ್ ವರದಿಯ ವಾಸನೆ ಬರತ್ತೆ, ‘ದಳ’ ಅಂದ್ರೆ ಪಾರ್ಟಿ ನೆನಪಾಗತ್ತೆ. ಆದ್ರೆ ‘ತಂಡ’ದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನೋ ಜಾಗದ ಕ್ರಮ ಬರಲ್ಲ, ‘ಝೆನ್’ನಲ್ಲಿ ಅದೇ ದೊಡ್ಡ ಅರ್ಥ. ಹತ್ತು ಹನ್ನೆರಡು ಜನ ಹೀಗೆ ಜಾಗ ಹಿಡಿದು ನಿಲ್ಲೋದಕ್ಕೆ ಹಳಗನ್ನಡದಲ್ಲೋ, ಗರಡಿ, ಕೋಲಾಟದೋರ ಮಾತಲ್ಲೋ ಪದ ಇದೆಯಾ? ಗೊತ್ತಿದ್ದೋರು ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಿ.