ಶಾಲಿನ ಅಂಚಿಗೆ ಮಣಿ ಹಾಕೋಕೆ ಮೊದಲೇ ಪೋಣಿಸ್ಕೋಬೇಕಿತ್ತಾ?

ಉಲ್ಲನ್‌ಉಂಡೆ:
ಎಲ್ರಿಗೂ ನಮಸ್ಕಾರ. ಅಮ್ಮನಿಗೆ ತ್ರಿಕೋನದ ಶಾಲು ಹೆಣೀತಿದೀನಿ, 4 ಪ್ಲೈ ದಪ್ಪದ ಉಲ್ಲನ್, 4 ಎಂಎಂ ಕಡ್ಡಿ, ಮುಕ್ಕಾಲು ಭಾಗ ಆಗಿದೆ. ಕೊನೇ ಲೇಸ್ ಅಂಚಲ್ಲಿ ಮಾತ್ರ ಮಣಿ ಬರ್ಬೇಕು ಅಂತ ಆಸೆ, ಸುಮಾರು 300 ಬೇಕಾಗತ್ತೆ. ಆದ್ರೆ ನೋಡಿದ ವಿಡಿಯೋಗಳಲ್ಲೆಲ್ಲಾ ಮಣೀನ ಮೊದಲೇ ದಾರಕ್ಕೆ ಪೋಣಿಸ್ಕೊಂಡು ಶುರು ಮಾಡ್ತಾರೆ, ಈಗ ನಾನು ಎಲ್ಲಾ ಬಿಚ್ಬೇಕಾ? ಎರಡು ತಿಂಗಳ ಕೆಲಸ, ಮನಸ್ಸೇ ಬರ್ತಿಲ್ಲ. ಇನ್ನೊಂದು, ಚಿಕ್ಕಪೇಟೆಯಿಂದ 8/0 ಸೈಜಿನ ಗಾಜಿನ ಮಣಿ ತಂದಿದೀನಿ, ಅಂಗಡೀಲಿ ಉಲ್ಲನ್ ತುದಿ ತೂರಿಸಿದಾಗ ಹೋಯ್ತು, ಮನೇಲಿ ಕುಣಿಕೆಗೆ ಹಾಕೋಕೆ ಹೋದ್ರೆ ಹೋಗ್ತಾನೇ ಇಲ್ಲ.

ಸೀದಾಉಲ್ಟಾ:
ದಯವಿಟ್ಟು ಬಿಚ್ಬೇಡಿ! ಅಂಚಿಗೆ ಮಾತ್ರ ಮಣಿ ಅಂದ್ರೆ ಮೊದಲೇ ಪೋಣಿಸೋದು ಬೇಡವೇ ಬೇಡ, ಪೋಣಿಸಿದ್ರೆ ಆ 300 ಮಣೀನ ಶಾಲು ಪೂರ್ತಿ ಹಿಂದಕ್ಕೆ ತಳ್ತಾ ತಳ್ತಾ ಹೋಗ್ಬೇಕು, ಉಲ್ಲನ್ ಉಜ್ಜಿ ಉಜ್ಜಿ ಜುಂಗು ಏಳತ್ತೆ. ತುದೀಲಿ ಕೊಕ್ಕೆ ಇರೋ ಸಣ್ಣ ಸ್ಟೀಲ್ ಕ್ರೋಶಾ ಕಡ್ಡಿ ತಗೊಳ್ಳಿ. ಮುಂಭಾಗದ ಸಾಲಲ್ಲಿ ಮಣಿ ಬರೋ ಜಾಗಕ್ಕೆ ಬಂದಾಗ ಮಣೀನ ಕ್ರೋಶಾ ಕಡ್ಡಿಗೆ ಏರಿಸಿ, ಎಡಗೈ ಕಡ್ಡಿಯಿಂದ ಒಂದು ಕುಣಿಕೆ ಇಳಿಸಿ ಕೊಕ್ಕೆಗೆ ಸಿಕ್ಕಿಸಿ, ಮಣೀನ ಕುಣಿಕೆ ಮೇಲೆ ಇಳಿಸಿ, ಕುಣಿಕೆ ವಾಪಸ್ ಎಡಗಡ್ಡಿಗೆ ಹಾಕಿ ಸೀದಾ ಹೆಣೀರಿ, ಅಷ್ಟೇ. ಮೊದಲ ಇಪ್ಪತ್ತು ಮಣಿಗೆ ಬೇಜಾರಾಗತ್ತೆ, ಆಮೇಲೆ ಕೈ ತಾನಾಗೇ ಓಡತ್ತೆ.

ಮಣಿ ಯಾಕೆ ಹೋಗ್ಲಿಲ್ಲ ಅಂದ್ರೆ ಅಂಗಡೀಲಿ ನೀವು ತೂರಿಸಿದ್ದು ಒಂದೇ ಎಳೆ, ಕುಣಿಕೆ ಅಂದ್ರೆ ಎರಡು ಎಳೆ. 4 ಪ್ಲೈಗೆ 6/0 ತಗೊಳ್ಳಿ, ಅದು ಹತ್ತಿರ ಹತ್ತಿರ 4 ಎಂಎಂ ಇರತ್ತೆ, 8/0 ಸುಮಾರು 3 ಎಂಎಂ. ನಂಬರ್ ದೊಡ್ಡದಾದಷ್ಟೂ ಮಣಿ ಸಣ್ಣದು, ತುಂಬಾ ಜನ ಇಲ್ಲೇ ಎಡವ್ತಾರೆ. ತಂದಿರೋ 8/0 ಎಸೀಬೇಡಿ, ತೆಳು ಲೇಸ್ ದಾರಕ್ಕೆ ಚೆನ್ನಾಗಿರತ್ತೆ.

ಕುಚ್ಚುಕೆಲಸ:
ನಾನು ಸೀರೆಗೆ ಕ್ರೋಶಾ ಕುಚ್ಚು ಹಾಕ್ತೀನಿ, ನಮ್ಮದೂ ಇದೇ ಕೆಲಸ ಕಣ್ರೀ, ಕೊಕ್ಕೆಗೆ ಮಣಿ ಹಾಕಿ ದಾರ ಎಳ್ಕೊಳ್ಳೋದು. ಕುಚ್ಚಿನ ಕ್ರೋಶಾ ಕಡ್ಡೀನೇ ಸಾಲತ್ತೆ, ಹೊಸದು ಕೊಳ್ಳೋ ಮುಂಚೆ ಮನೇಲಿ ಅಥವಾ ಅಕ್ಕಪಕ್ಕ ಯಾರ ಹತ್ರ ಇದೆ ಕೇಳಿ. ಕಡ್ಡಿ ತಲೆ ಮಣಿ ತೂತಲ್ಲಿ ಸಲೀಸಾಗಿ ಹೋಗ್ಬೇಕು, ಬಲವಂತ ಮಾಡಿದ್ರೆ ಗಾಜು ಒಡೆದು ಉಲ್ಲನ್ ಕತ್ತರಿಸತ್ತೆ. ತೂತಿನ ಅಂಚು ಚೂಪಾಗಿರೋ ಮಣಿ, ಓರೆಕೋರೆ ಇರೋದು ಎಲ್ಲಾ ಮೊದಲೇ ಆರಿಸಿ ತೆಗೀರಿ, ತಟ್ಟೆ ಮೇಲೆ ಬಟ್ಟೆ ಹಾಸಿ ಹರಡಿದ್ರೆ ಉರುಳಿ ಹೋಗಲ್ಲ.

ಬಣ್ಣದದಾರ:
ಪೋಣಿಸೋ ವಿಧಾನಾನೂ ಪೂರ್ತಿ ಬಿಡ್ಬೇಡಿ. ಅಂಚಿಗೆ ಹೊಸ ಉಂಡೆ ಶುರು ಮಾಡೋದಾದ್ರೆ ಅದಕ್ಕೆ ಮಾತ್ರ ಪೋಣಿಸ್ಬಹುದು, ಆಗ ಬರೀ ಅಂಚಿನಷ್ಟೇ ದೂರ ತಳ್ಳೋದು. ಉಲ್ಲನ್ ಮುಂದೆ ತಂದು, ಒಂದು ಕುಣಿಕೆ ಹೆಣೀದೇ ಬಲಗಡ್ಡಿಗೆ ದಾಟಿಸಿ, ಮಣೀನ ಅದರ ಮುಂದೆ ತಳ್ಳಿ ಉಲ್ಲನ್ ಹಿಂದೆ ಒಯ್ದು ಮುಂದಿನದು ಹೆಣೀಬೇಕು. ಇದರಲ್ಲಿ ಮಣಿ ಅಡ್ಡ ಮಲಗತ್ತೆ, ಕ್ರೋಶಾದಲ್ಲಿ ಹಾಕಿದ್ದು ನೆಟ್ಟಗೆ ನಿಲ್ಲತ್ತೆ. ಎರಡು ಬಣ್ಣ ಇದ್ರೆ ಉಲ್ಟಾ ಕ್ರಮದಲ್ಲಿ ಪೋಣಿಸಿ, ಕೊನೇಲಿ ಹೋದದ್ದೇ ಮೊದಲು ಕೈಗೆ ಬರೋದು. ಲೇಸಿಗಾದ್ರೆ ನನ್ನ ಓಟು ಕ್ರೋಶಾಗೇ.

ಉಲ್ಲನ್‌ಉಂಡೆ:
ತುಂಬಾ ಥ್ಯಾಂಕ್ಸ್, ಜೀವ ಬಂದಂಗಾಯ್ತು. ಅತ್ತೆ ಹತ್ರ ಕುಚ್ಚಿನ ಕಡ್ಡಿ ಸಿಕ್ತು, 6/0 ತಂದು ಒಂದು ಸಣ್ಣ ತುಂಡು ಹೆಣೆದು ನೋಡಿದೆ, ಎಷ್ಟು ಚಂದ ಬಂತು ಗೊತ್ತಾ! ತೊಳೆದಾಗ ಬಣ್ಣ ಬಿಡತ್ತಾ ಅಂತ ಒಂದೇ ಭಯ, ಶಾಲು ತಿಳಿ ಕೆನೆ ಬಣ್ಣದ್ದು, ಮಣಿ ಕಡುಗೆಂಪು.

ಸೀದಾಉಲ್ಟಾ:
ಆ ತುಂಡನ್ನೇ ಸೋಪು ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಿಳಿ ಬಟ್ಟೇಲಿ ಸುತ್ತಿ ಹಿಂಡಿ. ಬಟ್ಟೆ ಕೆಂಪಾದ್ರೆ ಆ ಮಣಿ ಬೇಡ.