ದವಡೆ ಸರ್ಜರಿ ಹತ್ತಿರ ಬಂತು: ಮೂಗು, ತುಟಿ ಎಷ್ಟು ಬದಲಾಗುತ್ತೆ? ಏನೇನು ತಯಾರಿ ಬೇಕು?

ಕೆಳಸಾಲು:
ಕೆಳದವಡೆ ಮುಂದಿರುವ ಕೇಸ್. ಮೇಲ್ದವಡೆ 5 ಮಿ.ಮೀ. ಮುಂದಕ್ಕೆ, ಕೆಳದವಡೆ 3 ಮಿ.ಮೀ. ಹಿಂದಕ್ಕೆ ಅಂತ ಪ್ಲಾನ್. ಕ್ಲಿಪ್ ಹಾಕಿದ ಮೇಲೆ ಗದ್ದ ಮೊದಲಿಗಿಂತ ಮುಂದೆ ಬಂದ ಹಾಗೆ ಕಾಣ್ತಿದೆ, ಇದು ಸರೀನಾ? ಮುಖ ಎಷ್ಟು ಬದಲಾಗುತ್ತೆ? ಅಡ್ಮಿಟ್ ಆಗೋದ್ರೊಳಗೆ ಏನೇನು ಮುಗಿಸಿಕೊಳ್ಳಬೇಕು?

ತಂತಿಕೊಕ್ಕೆ:
ಸರಿಯಾಗೇ ನಡೀತಿದೆ ಅಂತಲೇ ಅರ್ಥ. ದವಡೆಗಳ ಅಂತರ ಮುಚ್ಚೋದಕ್ಕೆ ಮೇಲಿನ ಹಲ್ಲು ಮುಂದಕ್ಕೂ ಕೆಳಗಿನವು ಒಳಕ್ಕೂ ವಾಲಿಕೊಂಡಿರುತ್ತವೆ. ಕ್ಲಿಪ್ ಅವನ್ನು ಅವುಗಳ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತೆ, ಅಡಗಿದ್ದ ಅಂತರ ಹೊರಗೆ ಬರುತ್ತೆ. ಇದನ್ನು ಅರ್ಧಕ್ಕೇ ಬಿಟ್ಟರೆ ಹಲ್ಲುಗಳು ಬೇಗ ಒಂದಕ್ಕೊಂದು ತಗಲಿ, ದವಡೆಯನ್ನು ಬೇಕಾದಷ್ಟು ಸರಿಸೋಕೆ ಜಾಗವೇ ಇರಲ್ಲ.

ಕೆಳಗಿನ ಬುದ್ಧಿಹಲ್ಲು ಇದ್ದರೆ ಈಗಲೇ ಕೇಳಿ. ಕೆಳದವಡೆಯನ್ನು ಸೀಳುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಕಿತ್ತ ಗುಳಿ ತುಂಬಿರದಿದ್ದರೆ ಮೂಳೆ ಅಡ್ಡಾದಿಡ್ಡಿ ಒಡೆಯಬಹುದು, ಸೀಳಿದ ಮೂಳೆಯನ್ನು ಜೋಡಿಸಿ ಹಿಡಿಯುವ ಸ್ಕ್ರೂಗೆ ಹಿಡಿತವೂ ಸಿಗಲ್ಲ. ಅದಕ್ಕೇ ಕನಿಷ್ಠ 6 ತಿಂಗಳು ಮುಂಚೆ ಕೀಳಿಸೋಕೆ ಹೇಳ್ತಾರೆ. ಸರ್ಜರಿ ಹೊತ್ತಲ್ಲೇ ತೆಗೆಯುವ ಸರ್ಜನ್‌ಗಳೂ ಇದ್ದಾರೆ, ಅವರ ರೂಢಿ ಹೇಗೋ ಹಾಗೆ.

ಇನ್ನೊಂದು, ಕೊನೆಯ ದಪ್ಪ ತಂತಿ ಹಾಕಿ ಕೆಲವು ವಾರ ಕಳೆದು, ಹಲ್ಲು ಅಲುಗಾಡುವುದು ನಿಂತ ಮೇಲೆಯೇ ಅಂತಿಮ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಆದಮೇಲೆ ತಂತಿ ಬದಲಾಯಿಸಿದರೆ, ಬ್ರಾಕೆಟ್ (ಹಲ್ಲಿಗೆ ಅಂಟಿಸಿ ತಂತಿ ಹಿಡಿಸುವ ಗುಂಡಿ) ಬಿಚ್ಚಿ ಮತ್ತೆ ಅಂಟಿಸಿದರೆ, ಸ್ಪ್ಲಿಂಟ್ ಕೂರಲ್ಲ. ಸ್ಪ್ಲಿಂಟ್ ಅಂದರೆ ಆ ಸ್ಕ್ಯಾನ್ ನೋಡಿ ಮಾಡುವ ಅಚ್ಚು, ಸರ್ಜರಿಯಲ್ಲಿ ದವಡೆಯನ್ನು ಸರಿಯಾದ ಜಾಗಕ್ಕೆ ಕೂರಿಸೋಕೆ ಹಲ್ಲುಗಳ ನಡುವೆ ಇಡ್ತಾರೆ. ಆಪರೇಷನ್ ಟೇಬಲ್ ಮೇಲೆ ಅದು ಗೊತ್ತಾಗೋದು ಯಾರಿಗೂ ಬೇಡ.

ಮಿಲಿಮೀಟರ್:
ಮುಖದ ಬಗ್ಗೆ ಹೇಳ್ತೀನಿ. ಮೂಳೆ ಸರಿದಷ್ಟೇ ಚರ್ಮ ಸರಿಯುತ್ತೆ ಅಂತ ಲೆಕ್ಕ ಹಾಕಬೇಡಿ. ಗದ್ದದ ಚರ್ಮ ಮೂಳೆ ಜೊತೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತೆ, ಮೇಲ್ತುಟಿ ಸುಮಾರು ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ ಅಷ್ಟೇ.

ನೀವು ಗಟ್ಟಿಯಾಗಿ ಕೇಳಬೇಕಾದ್ದು ಮೂಗಿನ ಬಗ್ಗೆ. ಮೇಲ್ದವಡೆ ಮುಂದೆ ಬಂದರೆ ಮೂಗಿನ ಬುಡ ಅಗಲವಾಗುತ್ತೆ, ತುದಿ ತುಸು ಮೇಲಕ್ಕೇಳುತ್ತೆ. ಅಗಲ ತಡೆಯೋಕೆ ಎರಡು ಹೊಳ್ಳೆಗಳ ಬುಡವನ್ನು ಒಳಗಿಂದ ಎಳೆದು ಹೊಲಿಗೆ ಹಾಕ್ತಾರೆ. ತುಟಿ ತೆಳುವಾಗಿ ಒಳಸರಿಯದಂತೆ ಒಳಗಿನ ಗಾಯವನ್ನು ವಿ-ವೈ ಆಕಾರದಲ್ಲಿ ಮುಚ್ಚುವುದುಂಟು. ಇವೆರಡೂ ನಿಮ್ಮ ಪ್ಲಾನ್‌ನಲ್ಲಿ ಇವೆಯಾ ಕೇಳಿ. ಮೇಲ್ದವಡೆಯನ್ನು ಎತ್ತುವುದೂ ಇದ್ದರೆ ಮೂಗಿನ ನಡುಗೋಡೆಯನ್ನು ಅಷ್ಟು ಕತ್ತರಿಸಬೇಕು, ಇಲ್ಲವಾದರೆ ಅದು ಬಾಗಿ ಮೂಗು ಸೊಟ್ಟಗಾಗುತ್ತೆ.

ತುಟಿ ಸಡಿಲ ಬಿಟ್ಟಾಗ ಮೇಲಿನ ಹಲ್ಲು 2–4 ಮಿ.ಮೀ. ಕಾಣೋದು ಸಾಮಾನ್ಯ ಗುರಿ. ಹಾಗಾಗಿ ಅಳತೆ, ಫೋಟೋ ತೆಗೆಯುವಾಗ ತುಟಿ ಬಿಗಿಹಿಡಿಯಬೇಡಿ, ತಲೆ ಎತ್ತಲೂ ಬೇಡಿ, ತಗ್ಗಿಸಲೂ ಬೇಡಿ. ಗದ್ದ ಮುಚ್ಚಿಡುವ ಅಭ್ಯಾಸದಲ್ಲಿ ಎಷ್ಟೋ ಜನ ತಲೆ ತಗ್ಗಿಸಿ ನಿಲ್ಲುತ್ತಾರೆ, ಪ್ಲಾನ್ ಅಲ್ಲೇ ತಪ್ಪುತ್ತೆ. ಸೆಲ್ಫಿಯನ್ನಂತೂ ತೋರಿಸಲೇಬೇಡಿ, ಹತ್ತಿರದಿಂದ ತೆಗೆದಾಗ ಮೂಗು ದೊಡ್ಡದಾಗಿ ಬೀಳುತ್ತೆ.

ಕೆಳದವಡೆ ಹಿಂದೆ ಹೋದರೆ ಗದ್ದದ ಕೆಳಗಿನ ಚರ್ಮ ಸಡಿಲವಾಗಿ ಕಾಣಬಹುದು, ನಾಲಿಗೆ ಹಿಂದಿನ ಉಸಿರಿನ ದಾರಿಯೂ ಕಿರಿದಾಗುತ್ತೆ. ಗೊರಕೆ ಇದ್ದರೆ ಮುಚ್ಚಿಡದೆ ಹೇಳಿ, ಮೇಲಿನದನ್ನೇ ಹೆಚ್ಚು ಮುಂದೆ ತಂದು ಕೆಳಗಿನದನ್ನು ಕಡಿಮೆ ಸರಿಸೋ ಆಯ್ಕೆ ಇರುತ್ತೆ.

ಕೆಳಸಾಲು:
ಕಂಪ್ಯೂಟರ್‌ನಲ್ಲಿ ತೋರಿಸಿದ ಮುಖವನ್ನು ನಂಬಬಹುದಾ?

ಮಿಲಿಮೀಟರ್:
ಮೂಳೆ, ಹಲ್ಲಿನ ಮಟ್ಟಿಗೆ ನಂಬಿ. ತುಟಿ, ಹೊಳ್ಳೆ ಅಂದಾಜು ಮಾತ್ರ.

ಐಸ್‌ಪ್ಯಾಕ್:
ತಯಾರಿಯ ಬಗ್ಗೆ ಯಾರೂ ಹೇಳಿಲ್ಲ. ಸಿಗರೇಟ್ ಇದ್ದರೆ ವಾರಗಳ ಮುಂಚೆಯೇ ಬಿಡಿ, ಮೂಳೆ ಕೂಡುವುದಕ್ಕೆ ಅದೇ ದೊಡ್ಡ ಶತ್ರು. ಆಸ್ಪಿರಿನ್, ಮೀನೆಣ್ಣೆ, ಗಿಡಮೂಲಿಕೆ ಮಾತ್ರೆ ಎಲ್ಲದರ ಪಟ್ಟಿ ಅರಿವಳಿಕೆ ವೈದ್ಯರಿಗೆ ಕೊಡಿ, ನೀವೇ ನಿಲ್ಲಿಸಬೇಡಿ. ಸರ್ಜರಿ ಹೊತ್ತಲ್ಲಿ ಉಸಿರಾಟದ ಟ್ಯೂಬ್ ಮೂಗಿನ ಮೂಲಕ ಹೋಗೋದರಿಂದ ಮೂಗು ಕಟ್ಟುವ ತೊಂದರೆಯನ್ನೂ ಹೇಳಿ.

ಮನೆಯಲ್ಲಿ ಇರಬೇಕಾದ್ದು: ಉದ್ದ ಮೂತಿಯ ಸಿರಿಂಜ್, ಮಕ್ಕಳ ಪುಟ್ಟ ಬ್ರಷ್, ತುಟಿಗೆ ವ್ಯಾಸಲಿನ್, ತಲೆ ಎತ್ತರಿಸೋಕೆ ದಿಂಬು, ಎರಡು ದವಡೆಗಳನ್ನು ಹಿಡಿದಿಡೋಕೆ ಹಾಕುವ ರಬ್ಬರ್ ಬ್ಯಾಂಡ್ ಕತ್ತರಿಸೋ ಸಣ್ಣ ಕತ್ತರಿ. ಊಟ ಅರೆದರಷ್ಟೇ ಸಾಲದು, ಸೋಸಬೇಕು, ಒಂದು ಚೂರು ನಾರು ಸಾಕು ಸಿರಿಂಜ್ ಮೂತಿ ಕಟ್ಟೋಕೆ. ಸುಮಾರು 6 ವಾರ ಅಗಿಯುವಂತಿಲ್ಲ, ತೂಕ ಇಳಿಯುತ್ತೆ. ಅದಕ್ಕೇ ಮುಂಚೆ ಡಯಟ್ ಮಾಡಿ ಇಳಿಸಬೇಡಿ.

ಊತ ಏರೋದು 2–3ನೇ ದಿನ. ಹೆಚ್ಚಿನದು ಕೆಲವೇ ವಾರದಲ್ಲಿ ಇಳಿದರೂ ಕೊನೆಯ ಪಾಲು ಹೋಗೋಕೆ 6–12 ತಿಂಗಳು. ಮೊದಲ ವಾರ ಕನ್ನಡಿ ನೋಡಿ ತೀರ್ಪು ಕೊಡಬೇಡಿ. ಮೂಗು ಸೀದುವಂತಿಲ್ಲ, ಗಾಳಿ ಕೆನ್ನೆಯ ಚರ್ಮದಡಿ ನುಗ್ಗುತ್ತೆ. ಸೀನು ಬಂದರೆ ಬಾಯಿ ತೆರೆದೇ ಸೀನಿ.

ಕೆಳತುಟಿ, ಗದ್ದ ಜೋಮು ಹಿಡಿಯೋದು ಬಹುತೇಕ ಎಲ್ಲರಿಗೂ ಉಂಟು. ತಿಂಗಳುಗಳಲ್ಲಿ ಮರಳುತ್ತೆ, ಕೆಲವರಲ್ಲಿ ಒಂದು ತುಣುಕು ಹಾಗೇ ಉಳಿಯುತ್ತೆ, ವಯಸ್ಸಾದಷ್ಟೂ ಆ ಸಾಧ್ಯತೆ ಜಾಸ್ತಿ. ಅದು ಸ್ಪರ್ಶದ ನರ, ತುಟಿ ಅಲುಗಿಸುವುದು ಬೇರೆ ನರ, ನಗು ಹೋಗುತ್ತೆ ಅನ್ನೋ ಭಯ ಬೇಡ. ಆದರೆ ಬಿಸಿ ಗೊತ್ತಾಗಲ್ಲ, ಸೂಪ್ ಅನ್ನು ಕೈಮೇಲೆ ಹನಿಸಿ ನೋಡಿಯೇ ಬಾಯಿಗೆ ಹಾಕಿ.

ತಂತಿಕೊಕ್ಕೆ:
ಮೂಗಿನ ಹೊಲಿಗೆ, ಗೊರಕೆ, ಹಲ್ಲು ಕಾಣುವಷ್ಟು, ಈ ಮೂರನ್ನು ಸ್ಪ್ಲಿಂಟ್ ಪ್ರಿಂಟ್ ಆಗೋಕೆ ಮುಂಚಿನ ಭೇಟಿಯಲ್ಲೇ ಕೇಳಿ. ಅಡ್ಮಿಟ್ ಆದ ದಿನ ಕೇಳಿದರೆ ಉತ್ತರ ಸಿಗುತ್ತೆ, ಪ್ಲಾನ್ ಬದಲಾಗಲ್ಲ.