ಹೊಸಬರು ಪರಿಚಯ ಹೇಳಿಕೊಂಡಾಗ ನಾವು ಮೊದಲು ಕೇಳಬೇಕಾದ್ದೇನು?

ಮಲೆನಾಡು ಪೆಂಗ್ವಿನ್

ಈ ವಾರ ನಮ್ಮ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಬಳಗಕ್ಕೆ ಮೂವರು ಹೊಸಬರು ಬಂದಿದ್ದಾರೆ. ಒಬ್ಬರು 68 ವರ್ಷದ ನಿವೃತ್ತ ಗಣಿತ ಮೇಷ್ಟ್ರು. ಇನ್ನೊಬ್ಬರು ಡಿಟಿಪಿ ಅಂಗಡಿ ನಡೆಸುವವರು. ಮತ್ತೊಬ್ಬಳು ಶಾಲೆಗೆ ಹೋಗುವ ಹುಡುಗಿ, ಅಮ್ಮನ ಖಾತೆಯಿಂದ ಬರೆದಿದ್ದಾಳೆ. ಮೇಷ್ಟ್ರು "ಈ ವಯಸ್ಸಿನಲ್ಲಿ ನನಗೆ ಬರುತ್ತದಾ?" ಎಂದು ಕೇಳಿದ್ದಾರೆ. ಹುಡುಗಿ "ನಾನಿನ್ನೂ ಚಿಕ್ಕವಳು, ಪರವಾಗಿಲ್ವಾ?" ಎಂದಿದ್ದಾಳೆ. ಡಿಟಿಪಿಯವರು "ನಾನು ಇಂಜಿನಿಯರಿಂಗ್ ಓದಿದವನಲ್ಲ" ಎಂದೇ ಶುರು ಮಾಡಿದ್ದಾರೆ. ಮೂವರೂ ಹೊಸ್ತಿಲಾಚೆ ನಿಂತು ಒಳಗೆ ಬರಲೋ ಬೇಡವೋ ಅಂದ ಹಾಗಿದೆ.

ನಾವು ಕೊಟ್ಟ ಉತ್ತರ ನೋಡಿ. ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್ ಅಂತ ಡಿಸ್ಟ್ರೋಗಳ, ಅಂದರೆ ಲಿನಕ್ಸಿನ ಬೇರೆ ಬೇರೆ ರೂಪಗಳ, ಹೆಸರುಗಳ ಸುರಿಮಳೆ. ನಿಮ್ಮ ಹತ್ತಿರ ಇರುವ ಯಂತ್ರ ಯಾವುದು, ಅದರಲ್ಲಿ ಏನು ಕೆಲಸ ಮಾಡುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಇದು ನನಗೆ ಬೇಜಾರಾಯಿತು. ಡಿಸ್ಟ್ರೋ ಹೆಸರು ಆಮೇಲೆ ಹೇಳೋಣ. "ನಿನ್ನೆ ಕಂಪ್ಯೂಟರಿನಲ್ಲಿ ಏನೇನು ಮಾಡಿದಿರಿ?" ಅಂತ ಮೊದಲು ಕೇಳೋಣ. ಏನಂತೀರಿ?

ಕಪ್ಪು ಪರದೆ

ಕೇಳೋದು ಸರಿ. ಆದರೆ ಕೊನೆಗೆ ಎಲ್ಲರಿಗೂ ಒಂದೇ ದಾರಿ, ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಕಲಿಯಬೇಕು. ನಾನು 1998ರಲ್ಲಿ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಶುರು ಮಾಡಿದವನು. ಮೋಡೆಮ್ ಕೆಲಸ ಮಾಡುವ ಹಾಗೆ ಮಾಡಲು ಹದಿನೈದು ದಿನ ಒದ್ದಾಡಿದೆ. ಆಗ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ.

ಮೆನುಗಳನ್ನು ನಂಬಬೇಡಿ. 2011ರಲ್ಲಿ ಲಿನಕ್ಸಿನಲ್ಲಿ ಪರದೆ, ಮೆನು ತೋರಿಸುವ ಗ್ನೋಮ್ 3 ಬಂತು, ಪರದೆಯ ಮೇಲಿದ್ದದ್ದೆಲ್ಲ ಜಾಗ ಬದಲಾಯಿತು. ಅದೇ ವರ್ಷ ಉಬುಂಟು ಯೂನಿಟಿ ಅನ್ನೋ ಬೇರೆ ಪರದೆಗೆ ಹೋಯಿತು. 2017ರಲ್ಲಿ ಮತ್ತೆ ಗ್ನೋಮ್‌ಗೆ ವಾಪಸ್ ಬಂತು. ಇಷ್ಟೆಲ್ಲ ಆದರೂ ಕಡತ ನಕಲು ಮಾಡುವ ಸಿಪಿ ಆಜ್ಞೆ ಹಾಗೇ ಇದೆ. ಇನ್ನೊಂದು ವಿಷಯ: ದೂರದಲ್ಲಿರುವವರಿಗೆ "ಎಡಗಡೆ ಮೇಲೆ ಒತ್ತಿ, ಅಲ್ಲಿಂದ ಮೂರನೆಯದು" ಅಂತ ಹೇಳುವುದಕ್ಕಿಂತ ಒಂದು ಸಾಲು ಕಳಿಸುವುದು ಸುಲಭ ಅಲ್ವಾ?

ಡಿಟಿಪಿ ಅಂಗಡಿ

ಸಾರ್, ಆ ಒಂದು ಸಾಲಿನ ಕಥೆ ನಾನು ಹೇಳಬೇಕು. ನಾನು ಲಿನಕ್ಸ್ ಹಾಕಲು ಹೊರಟದ್ದು ಇದೇ ಮೊದಲಲ್ಲ. ಎರಡು ವರ್ಷದ ಹಿಂದೆ ಬೇರೊಂದು ಕಡೆ ಹೀಗೇ ಪರಿಚಯ ಹೇಳಿಕೊಂಡಿದ್ದೆ. ಆಗ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ನೋಡುತ್ತಿದ್ದೆ. ಇನ್ನೊಂದು ಪೆನ್‌ಡ್ರೈವ್ ತಯಾರು ಮಾಡೋದು ಹೇಗೆ ಅಂತ ಕೇಳಿದೆ. ಒಬ್ಬರು ಡಿಡಿ (ಡಿಸ್ಕಿನ ಮೇಲೆ ನೇರವಾಗಿ ಬರೆಯುವ) ಆಜ್ಞೆಯ ಒಂದು ಸಾಲು ಕಳಿಸಿದರು. ನಾನು ಅದನ್ನು ಹಾಗೇ ಅಂಟಿಸಿ ಎಂಟರ್ ಒತ್ತಿದೆ. ಅದರಲ್ಲಿ ಬರೆಯಬೇಕಾದ ಡಿಸ್ಕಿನ ಹೆಸರು ಎಸ್‌ಡಿಎ ಅಂತ ಇತ್ತು. ನನ್ನ ಪೆನ್‌ಡ್ರೈವ್ ಎಸ್‌ಡಿಸಿ ಆಗಿತ್ತು. ಎಸ್‌ಡಿಎ ಅಂದರೆ ಅಂಗಡಿಯ ಹಾರ್ಡ್‌ಡಿಸ್ಕ್.

ಆರು ವರ್ಷದ ಲಗ್ನಪತ್ರಿಕೆ, ಕರಪತ್ರ, ಸೊಸೈಟಿಯವರ ವಾರ್ಷಿಕ ವರದಿ ಎಲ್ಲ ಹೋಯಿತು. ಸಾಲು ಕಳಿಸಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರ ಯಂತ್ರದಲ್ಲಿ ಅದು ಸರಿಯಾಗೇ ಇದ್ದಿರಬೇಕು. ನನ್ನ ಯಂತ್ರ ಹೇಗಿದೆ ಅಂತ ಅವರು ಕೇಳಲಿಲ್ಲ. ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಎರಡನೇ ಸೆಮಿಸ್ಟರ್

ಅಣ್ಣ, ಓದಿ ತುಂಬಾ ಬೇಸರವಾಯಿತು. ಆದರೂ ನನ್ನ ಮಾತು ಹೇಳುತ್ತೇನೆ. ಆರ್ಚ್ ಹೆಸರು ಹೇಳಿದ್ದು ನಾನೇ. ಹುಡುಗಿಗೂ ಅದನ್ನೇ ಹೇಳಿದೆ. ಡಿಸ್ಕನ್ನು ಭಾಗ ಮಾಡೋದು, ಬೂಟ್ ಲೋಡರ್ (ಕಂಪ್ಯೂಟರ್ ಶುರುವಾದಾಗ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಹಾಕೋದು ಎಲ್ಲ ಕೈಯಾರೆ ಮಾಡಿದರೆ ಒಳಗೆ ಏನಿದೆ ಅಂತ ಅರ್ಥವಾಗುತ್ತದೆ. ಆರ್ಚ್ ವಿಕಿಯಷ್ಟು ಚೆನ್ನಾಗಿ ಬರೆದದ್ದು ನಾನು ಬೇರೆಲ್ಲೂ ನೋಡಿಲ್ಲ. ಚಿಕ್ಕ ವಯಸ್ಸಿನವರಿಗೆ ಸಮಯ ಇರುತ್ತದೆ, ಕಷ್ಟಪಟ್ಟು ಕಲಿಯಲಿ. ಅದಕ್ಕೇ ಪರಿಚಯದಲ್ಲಿ ವಯಸ್ಸು ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ವಯಸ್ಸು ಗೊತ್ತಾದರೆ ಯಾರಿಗೆ ಏನು ಅಂತ ಹೇಳಬಹುದು.

ಪುಟ್ಟಿಯ ಅಮ್ಮ

ಆ ಹುಡುಗಿಯ ಅಮ್ಮ ನಾನೇ. ವಯಸ್ಸು ಕೇಳುವುದು ಬೇಡ ಅಂತ ಕೈಮುಗಿದು ಹೇಳುತ್ತೇನೆ. ಗುಂಪಿನಲ್ಲಿ ಯಾರು ಯಾರು ಇದ್ದಾರೋ ನನಗೆ ಗೊತ್ತಿಲ್ಲ. ಮಗು ಪರಿಚಯ ಅಂದರೆ ಹೆಸರು, ಶಾಲೆ, ಊರು ಎಲ್ಲ ಬರೆದುಬಿಡುತ್ತದೆ. ಮೊನ್ನೆ ಪುಟ್ಟಿ ಬರೆದದ್ದರಲ್ಲಿ ಶಾಲೆಯ ಹೆಸರೂ ಇತ್ತು. ಕಳಿಸುವ ಮೊದಲು ನಾನೇ ಅಳಿಸಿದೆ.

ಯಂತ್ರ ಯಾವುದು ಅಂತ ಕೇಳಿ, ಸಂತೋಷದಿಂದ ಹೇಳುತ್ತೇವೆ. ನಮ್ಮಲ್ಲಿರುವುದು ನಮ್ಮ ಮಾವನವರು 2009ರಲ್ಲಿ ತಂದ ಪುಟ್ಟ ನೆಟ್‌ಬುಕ್. ಪ್ರೊಸೆಸರ್ ಇಂಟೆಲ್ ಆಟಂ ಎನ್270, ಮೆಮೊರಿ 1 ಜಿಬಿ. ಬೇರೆ ಕೊಳ್ಳಲು ಈಗ ಆಗುವುದಿಲ್ಲ.

ಮಲೆನಾಡು ಪೆಂಗ್ವಿನ್

ನೋಡಿ, ಒಂದೇ ಸಾಲಿನಲ್ಲಿ ಎಲ್ಲ ಬಂತು. ಎನ್270 ಬರೀ 32 ಬಿಟ್ ಪ್ರೊಸೆಸರ್, ಅಂದರೆ ಈಗಿನ 64 ಬಿಟ್‌ಗಿಂತ ಹಳೇ ಬಗೆಯದು. ಆರ್ಚ್ 32 ಬಿಟ್ ಬೆಂಬಲವನ್ನು 2017ರಲ್ಲೇ ನಿಲ್ಲಿಸಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಇಂಟೆಲ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದಿಲ್ಲ. ಪುಟ್ಟಿ ಪಾಪ ಎರಡು ದಿನ ಆರ್ಚ್ ಹಾಕಲು ಪ್ರಯತ್ನಪಟ್ಟು, "ನನಗೆ ಬರಲ್ಲ" ಅಂತ ಬಿಟ್ಟುಬಿಡುತ್ತಿದ್ದಳು. ತಪ್ಪು ಅವಳದ್ದಲ್ಲವೇ ಅಲ್ಲ.

ಒಂದು ವಿಷಯ ಹೇಳುತ್ತೇನೆ. 1991ರ ಆಗಸ್ಟ್ 25ರಂದು ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಮಿನಿಕ್ಸ್ ಅನ್ನೋ ಬೇರೊಂದು ವ್ಯವಸ್ಥೆ ಬಳಸುವವರಿಗೆ ಬರೆದ ಸಂದೇಶ ನೆನಪಿಸಿಕೊಳ್ಳಿ. ಅದೂ ಒಂಥರಾ ಪರಿಚಯವೇ. ಆಗ ಅವರಿಗೆ 21 ವರ್ಷ, ಹೆಲ್ಸಿಂಕಿಯಲ್ಲಿ ಓದುತ್ತಿದ್ದರು. ಆದರೆ ಸಂದೇಶದಲ್ಲಿ ವಯಸ್ಸಿನ ಮಾತಿಲ್ಲ. ಯಾವ ಯಂತ್ರಕ್ಕೆ ಬರೆಯುತ್ತಿದ್ದೇನೆ, ಏನೇನು ಓಡುತ್ತಿದೆ, ಹವ್ಯಾಸಕ್ಕೆ ಮಾಡುತ್ತಿರುವುದು ಅಂತ ಹೇಳಿದ್ದಾರೆ. ಮಿನಿಕ್ಸ್‌ನಲ್ಲಿ ನಿಮಗೆ ಇಷ್ಟವಾದದ್ದೇನು, ಆಗದ್ದೇನು ಅಂತ ಕೇಳಿದ್ದಾರೆ.

ಕಪ್ಪು ಪರದೆ

ಲೀನಸ್ ಪ್ರೋಗ್ರಾಂ ಬರೆಯುವ ಸಿ ಭಾಷೆ ಗೊತ್ತಿದ್ದವರು, ಗೊತ್ತಿದ್ದವರಿಗೇ ಬರೆದರು. ಅದನ್ನು ಮೇಷ್ಟ್ರಿಗೆ ಹೋಲಿಸುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಡಿಟಿಪಿಯವರ ಕಥೆ ಓದಿದ ಮೇಲೆ ರಾತ್ರಿ ಯೋಚನೆ ಮಾಡಿದೆ. ಆ ಥರದ ಸಾಲು ನಾನೂ ಎಷ್ಟೋ ಜನಕ್ಕೆ ಕಳಿಸಿದ್ದೇನೆ. ಎಸ್‌ಡಿಎ ಅಂದರೇನು, ಎಸ್‌ಡಿಬಿ ಅಂದರೇನು ಅಂತ ಬಿಡಿಸಿ ಹೇಳಿರಲಿಲ್ಲ. ಟರ್ಮಿನಲ್ ಕಲಿಯಬೇಕು ಅನ್ನೋ ಮಾತನ್ನು ಬಿಡುವುದಿಲ್ಲ. ಪ್ರತಿ ಪದದ ಅರ್ಥ ಹೇಳದೆ, ಅವರ ಯಂತ್ರ ತಿಳಿಯದೆ, ಡಿಸ್ಕ್ ಮುಟ್ಟುವ ಸಾಲು ಮಾತ್ರ ಇನ್ನು ಯಾರಿಗೂ ಕಳಿಸುವುದಿಲ್ಲ.

ನಿವೃತ್ತ ಮೇಷ್ಟ್ರು

ನನ್ನ ವಿಷಯವಾಗಿ ಇಷ್ಟು ಜನ ಮಾತಾಡುತ್ತಿದ್ದೀರಿ, ನಾನೂ ಹೇಳುತ್ತೇನೆ. ವಯಸ್ಸು ಯಾರೂ ಕೇಳಿರಲಿಲ್ಲ, ನಾನೇ ಬರೆದೆ. ಬ್ಯಾಂಕಿನಲ್ಲಿ, ಮೊಬೈಲ್ ಅಂಗಡಿಯಲ್ಲಿ "ಮನೆಯಲ್ಲಿ ಹುಡುಗರು ಯಾರೂ ಇಲ್ವಾ ಅಜ್ಜ?" ಅಂತ ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿದೆ. ಅವರು ಹೇಳುವ ಮೊದಲೇ ನಾವೇ ಹೇಳಿಬಿಡುತ್ತೇವೆ.

ನನ್ನದು 2014ರ ಲ್ಯಾಪ್‌ಟಾಪ್, ಮೆಮೊರಿ 4 ಜಿಬಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಇದಕ್ಕೆ ಬರುವುದಿಲ್ಲ, ಹೊಸದು ತಗೊಳ್ಳಿ ಅಂದರು. ಕೀಲಿ ಒಂದೂ ಸವೆದಿಲ್ಲ, ಯಾಕೆ ಬಿಸಾಡಬೇಕು? ನಿನ್ನೆ ಏನು ಮಾಡಿದಿರಿ ಅಂತ ಕೇಳಿದ್ದಿರಲ್ಲ. ಮೊಮ್ಮಗನಿಗಾಗಿ ಜಿಯೋಜೀಬ್ರಾ ಅನ್ನೋ ಗಣಿತದ ತಂತ್ರಾಂಶದಲ್ಲಿ ಎರಡು ವೃತ್ತಗಳಿಗೆ ಸಾಮಾನ್ಯ ಸ್ಪರ್ಶಕ ಎಳೆದೆ. ಅದರ ಕೆಳಗೆ ಕನ್ನಡದಲ್ಲಿ ವಿವರಣೆ ಬರೆದೆ. ಈ ಎರಡೂ ಆದರೆ ನನಗೆ ಸಾಕು.

ನೀವು ಹೇಳಿದ ಹೆಸರುಗಳಲ್ಲಿ ಒಂದಾದ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿದೆ. ವೈಫೈ ಕಾಣಲಿಲ್ಲ. ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಒತ್ತಿದೆ, ನೆಟ್ ಬಂತು. ಅಲ್ಲಿಂದ ಡ್ರೈವರ್ ಮ್ಯಾನೇಜರ್‌ನಲ್ಲಿ ವೈಫೈ ಡ್ರೈವರ್ ಹಾಕಿದೆ. ಯಾರೂ ಪಕ್ಕದಲ್ಲಿ ಇರಲಿಲ್ಲ.

ಡಿಟಿಪಿ ಅಂಗಡಿ

ಮೇಷ್ಟ್ರೇ, ತುಂಬಾ ಖುಷಿಯಾಯಿತು. ಕನ್ನಡ ಹೇಗೆ ಟೈಪ್ ಮಾಡುತ್ತೀರಿ? ನನ್ನ ಬೆರಳು ಇಪ್ಪತ್ತು ವರ್ಷದಿಂದ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶಕ್ಕೆ ಒಗ್ಗಿದೆ. ಹಳೇ ಕಡತವೂ ಎಲ್ಲ ನುಡಿಯಲ್ಲೇ ಇದೆ. ಲಿನಕ್ಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ನನಗೆ ಬೇಕಾದ ಉತ್ತರ ಇದೊಂದೇ. ಯಾವ ಡಿಸ್ಟ್ರೋ ಆದರೂ ಸರಿ.

ಮಲೆನಾಡು ಪೆಂಗ್ವಿನ್

ಮೊದಲು ಟೈಪಿಂಗ್. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಇನ್‌ಪುಟ್ ಪಟ್ಟಿಯಲ್ಲಿ ಕನ್ನಡದ ಕೆಜಿಪಿ ಆರಿಸಿ. ಅದು ನುಡಿಯಲ್ಲಿರುವ ಕಗಪ ಕೀಲಿ ವಿನ್ಯಾಸವೇ. ಕೆ, ಎನ್, ಎಫ್, ಎನ್, ಕ್ಯೂ ಒತ್ತಿ ನೋಡಿ, "ಕನ್ನಡ" ಅಂತ ಬರಬೇಕು. ಒತ್ತಕ್ಷರಕ್ಕೆ ಅದೇ ಎಫ್. ನಿಮ್ಮ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ.

ಹಳೇ ಕಡತಗಳು ಯೂನಿಕೋಡ್ (ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಉಳಿಯುವ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಆಸ್ಕಿ ಫಾಂಟಿನವು. ಅದಕ್ಕೇ ಗೋಜಲು. ಸುಮ್ನೆ ನೋಡಲು, ಪ್ರಿಂಟ್ ತೆಗೆಯಲು ಸಾಕು ಅಂದರೆ ಆ ನುಡಿ ಫಾಂಟನ್ನೇ ಲಿನಕ್ಸಿಗೂ ಹಾಕಿಕೊಳ್ಳಿ, ಅಕ್ಷರ ಕಾಣುತ್ತದೆ. ಹುಡುಕಬೇಕು, ತಿದ್ದಬೇಕು ಅಂದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತನ್ನು ಒಂದೊಂದೇ ನೋಡಿ. "ಸೂರ್ಯ", "ಕಾರ್ಯ" ಥರದ ಪದಗಳಲ್ಲಿ ಜಾಸ್ತಿ ತಪ್ಪಾಗುತ್ತದೆ. ಮೂಲ ಕಡತ ಅಳಿಸಬೇಡಿ, ಇನ್ನೊಂದು ಡಿಸ್ಕಿನಲ್ಲಿ ಇಡಿ.

ಎರಡನೇ ಸೆಮಿಸ್ಟರ್

ಪುಟ್ಟಿಯ ಅಮ್ಮ, ಕ್ಷಮಿಸಿ. ಎನ್270 ವಿಷಯ ನಾನು ಕೇಳಬೇಕಿತ್ತು. ಆಂಟಿಎಕ್ಸ್ ಅಂತ ಹಗುರವಾದ ಡಿಸ್ಟ್ರೋ ಇದೆ. ಅದರ 23ನೇ ಆವೃತ್ತಿ 32 ಬಿಟ್‌ಗೂ ಸಿಗುತ್ತದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. 1 ಜಿಬಿ ಮೆಮೊರಿಯಲ್ಲಿ ಬ್ರೌಸರ್ ನಿಧಾನ ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪುಟ್ಟಿ ಕಂಪ್ಯೂಟರಿನಲ್ಲಿ ಏನು ಮಾಡಲು ಇಷ್ಟಪಡುತ್ತಾಳೆ?

ಪುಟ್ಟಿಯ ಅಮ್ಮ

ಚಿತ್ರ ಬಿಡಿಸುತ್ತಾಳೆ ಕಣಪ್ಪ. ನಿನ್ನೆ ಪೂರ್ತಿ ಒಂದು ನವಿಲು ಬಿಡಿಸಿದಳು, ಗರಿ ಇನ್ನೂ ಅರ್ಧ ಇದೆ. ಆ ಕಡತ ಪೆನ್‌ಡ್ರೈವ್ ಹಾಕಿದರೆ ಹೋಗಿಬಿಡುತ್ತದಾ ಅಂತ ಕೇಳುತ್ತಿದ್ದಾಳೆ.

ಕಪ್ಪು ಪರದೆ

ಹೋಗುವುದಿಲ್ಲ. ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವವರೆಗೆ ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಇನ್‌ಸ್ಟಾಲ್ ಅನ್ನೋದನ್ನು ಒತ್ತಬೇಡಿ, ಡಿಡಿ ಥರ ಡಿಸ್ಕ್ ಮುಟ್ಟುವ ಸಾಲನ್ನೂ ಅಂಟಿಸಬೇಡಿ. ಆದರೂ ನವಿಲನ್ನು ಮೊದಲು ನಿಮ್ಮ ಫೋನಿಗೆ ಹಾಕಿಟ್ಟುಕೊಳ್ಳಿ ಮೇಡಂ. ಹಾಕಿದ ಮೇಲೆ ಹೇಳಿ, ಮುಂದಿನದನ್ನು ಒಂದೊಂದೇ ಹೆಜ್ಜೆ ಹೇಳುತ್ತೇನೆ.